ಇರುಳ ವರ್ಷದ ದಾರಿಗೆ ಕಿರುಸಂತಸಗಳ ಬುತ್ತಿ

2020ರಲ್ಲಿ ಆರಂಭವಾದ ಸಂವತ್ಸರದ ಹೆಸರು ಶಾರ್ವರಿ. ಶಾರ್ವರಿ ಎಂದರೆ ಇರುಳು. ಯುಗಾದಿಯ ದಿನವಾದ 2020ರ ಮಾರ್ಚ್ 25ರಂದೇ ದೇಶದಾದ್ಯಂತ ಲಾಕ್‌ಡೌನ್ ಆರಂಭವಾಯಿತು. ಅಂದು ನಾವು ಸವಿದ ಬೇವು-ಬೆಲ್ಲದಲ್ಲಿ ಬೇವಿನ ಪಾಲೇ ಹೆಚ್ಚಾಗಿತ್ತೆಂದು ಈಗ ಅನ್ನಿಸಿದರೆ ಅದು ಸಹಜ. 2021ರ ಜನವರಿಯ ಹೊತ್ತಿಗೆ ಹತ್ತು ತಿಂಗಳುಗಳು ಉರುಳಿದ್ದವು. ನಮ್ಮ ರಾಜ್ಯವೊಂದರಲ್ಲೇ 12,000ಕ್ಕೂ ಹೆಚ್ಚು ಜನರು ಕೋವಿಡ್‌ನಿಂದ ಅಸುನೀಗಿದ್ದರು. ಮಗನಿದ್ದೂ ತಂದೆಯ ಮುಖವನ್ನು ಕೊನೆಯ ಬಾರಿ ಕಾಣಲಾಗದ ಮನೆಗಳಿವೆ. ಕೆಲಸ ಕಳೆದುಕೊಂಡು, ಬಾಡಿಗೆ ಕಟ್ಟಲಾಗದೆ ಊರಿಗೆ ಮರಳಿದ ಕುಟುಂಬಗಳಿವೆ. ಹೀಗಿರುವಾಗ ಹೇಮಂತದ ಚಳಿ ಬೆಂಗಳೂರಿಗೆ ಎಂದಿನಂತೆಯೇ ಬಂದಿತು. ಇಬ್ಬನಿ ಎಂದಿನಂತೆಯೇ ಬಿದ್ದಿತು, ಅವರೆಕಾಯಿ ಎಂದಿನಂತೆಯೇ ಗಾಡಿಗಳನ್ನು ತುಂಬಿತು.

ನಗರವಾಸಿಗಳಾದ ನಮಗೆ ಚಳಿಗಾಲವೆಂದರೆ ಕೂಡುವ ಕಾಲ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ, ಬಳಿಕ ಮದುವೆಗಳ ಸಾಲು, ಊರ ಜಾತ್ರೆಗಳ ಕರೆಯೋಲೆ, ಸಂಕ್ರಾಂತಿಯ ಎಳ್ಳು ಬೀರುವ ಸಂಜೆ, ಗಣರಾಜ್ಯೋತ್ಸವಕ್ಕೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ. ಆ ಬಾರಿ ಪರಿಷೆಗೆ ಎಂದಿನ ಸಂಭ್ರಮವಿರಲಿಲ್ಲ, ಫಲಪುಷ್ಪ ಪ್ರದರ್ಶನ ನಡೆಯಲೇ ಇಲ್ಲ. ಮದುವೆಗಳು ಮನೆಯಂಗಳಕ್ಕೆ ಇಳಿದವು. ದೊಡ್ಡ ಸಂತೋಷಗಳೆಲ್ಲ ಹೀಗೆ ಒಂದೊಂದಾಗಿ ದೂರ ಸರಿದಾಗ ನಮಗೆ ಉಳಿದದ್ದು ಚಿಕ್ಕವು ಮಾತ್ರ. ಅವುಗಳ ವಿಷಯವನ್ನೇ ಈ ತಿಂಗಳ ಆರೋಗ್ಯ ಅಂಕಣದಲ್ಲಿ ವಿಚಾರ ಮಾಡೋಣ.

ಮೊದಲಿಗೆ, ಅನೇಕ ಭಕ್ತರ ಮನಸ್ಸಿನಲ್ಲಿರಬಹುದಾದ ಒಂದು ಪ್ರಶ್ನೆಯನ್ನು ಎದುರುಗೊಳ್ಳಬೇಕು. ಇಷ್ಟು ಸಾವುನೋವುಗಳ ನಡುವೆ ಸಂತೋಷಪಡುವುದು ಸರಿಯೇ? ಪಕ್ಕದ ಮನೆಯಲ್ಲಿ ದುಃಖವಿರುವಾಗ ನಾವು ಹೂವು ನೋಡಿ ಹಿಗ್ಗುವುದು ಸ್ವಾರ್ಥವಲ್ಲವೇ? ಈ ಸಂಕೋಚ ಗೌರವಕ್ಕೆ ಅರ್ಹವಾದುದು, ಏಕೆಂದರೆ ಅದು ಕರುಣೆಯಿಂದ ಹುಟ್ಟಿದ್ದು. ಆದರೂ ಇಲ್ಲಿ ಒಂದು ತಿಳಿವಳಿಕೆ ಅಗತ್ಯ. ಸಂತೋಷವೆಂಬುದು ಸಂಕಟವೆಲ್ಲ ಮುಗಿದ ಮೇಲೆ ಬಡಿಸುವ ಹಬ್ಬದೂಟ ಮಾತ್ರವಲ್ಲ, ಸಂಕಟದ ದಾರಿಯನ್ನು ನಡೆದು ಮುಗಿಸಲು ಕಟ್ಟಿಕೊಳ್ಳುವ ಬುತ್ತಿಯೂ ಹೌದು. ದೂರದ ದಾರಿಗೆ ಹೊರಟವನು ಬುತ್ತಿ ಬಿಚ್ಚಿದರೆ ಅವನನ್ನು ಯಾರೂ ಭೋಗಿಯೆನ್ನುವುದಿಲ್ಲ. ಉಣ್ಣದೆ ನಡೆದರೆ ಅವನು ತಾನೂ ತಲುಪಲಾರ, ಜೊತೆಯವರನ್ನೂ ತಲುಪಿಸಲಾರ.

ಭಯ ದೇಹದಲ್ಲಿ ಮಾಡುವ ಕೆಲಸ

ಅಪಾಯ ಎದುರಾದಾಗ ನಮ್ಮ ದೇಹವು ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳನ್ನು ಸ್ರವಿಸುತ್ತದೆ. ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ರಕ್ತದಲ್ಲಿ ಸಕ್ಕರೆಯ ಪ್ರಮಾಣ ಹೆಚ್ಚುತ್ತದೆ. ಹಾವು ಕಂಡಾಗ ಥಟ್ಟನೆ ಹಿಂದೆ ಜಿಗಿಯಲು ಈ ವ್ಯವಸ್ಥೆ ಅತ್ಯುತ್ತಮವಾದುದು. ಹಾವು ಹೋದ ಮೇಲೆ ದೇಹ ಶಾಂತವಾಗುತ್ತದೆ. ಆದರೆ ಸಾಂಕ್ರಾಮಿಕವು ಕಣ್ಣಿಗೆ ಕಾಣುವ ಹಾವಲ್ಲ, ಅದು ಇಂಥ ಗಳಿಗೆಗೆ ಬಂದು ಇಂಥ ಗಳಿಗೆಗೆ ಹೋಯಿತೆಂದು ಹೇಳುವಂತಿಲ್ಲ. ಹೀಗಾಗಿ ಆ ಹತ್ತು ತಿಂಗಳು ನಮ್ಮ ಎಚ್ಚರಿಕೆಯ ಗಂಟೆ ಬಡಿಯುತ್ತಲೇ ಇತ್ತು. ಬಹುಕಾಲ ಹೀಗೇ ನಡೆದರೆ ನಿದ್ರೆ ಕೆಡುತ್ತದೆ, ಜೀರ್ಣಶಕ್ತಿ ಕುಂದುತ್ತದೆ, ರಕ್ತದೊತ್ತಡ ಮತ್ತು ಮಧುಮೇಹಗಳು ಹತೋಟಿ ತಪ್ಪುತ್ತವೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ.

ಭಯದ ಇನ್ನೊಂದು ಗುಣವೆಂದರೆ ಅದು ದೃಷ್ಟಿಯನ್ನು ಕಿರಿದಾಗಿಸುತ್ತದೆ. ಹೆದರಿದವನಿಗೆ ಹೆದರಿಕೆಯ ವಸ್ತುವಲ್ಲದೆ ಬೇರೇನೂ ಕಾಣದು. ಅಮೆರಿಕದ ಮನೋವಿಜ್ಞಾನಿ ಬಾರ್ಬರಾ ಫ್ರೆಡ್ರಿಕ್‌ಸನ್ ಅವರು 1998ರಿಂದ ಪ್ರತಿಪಾದಿಸಿಕೊಂಡು ಬಂದಿರುವ ಸಿದ್ಧಾಂತವು ಇದಕ್ಕೆ ಪೂರಕವಾಗಿದೆ. ಭಯ, ಕೋಪಗಳು ಮನಸ್ಸನ್ನು ಒಂದೇ ಬಿಂದುವಿಗೆ ಬಿಗಿದರೆ, ಕುತೂಹಲ, ಕೃತಜ್ಞತೆ, ನಲಿವು ಮುಂತಾದ ಸೌಮ್ಯ ಭಾವಗಳು ಅದನ್ನು ಅಗಲಗೊಳಿಸುತ್ತವೆ. ಅಗಲಗೊಂಡ ಮನಸ್ಸು ಹೊಸ ದಾರಿಗಳನ್ನು ಕಾಣುತ್ತದೆ, ಇತರರೊಡನೆ ಬೆರೆಯುತ್ತದೆ, ಮುಂದಿನ ಕಷ್ಟಕ್ಕೆ ಬೇಕಾದ ಬಲವನ್ನು ಕೂಡಿಡುತ್ತದೆ ಎಂಬುದು ಅದರ ಸಾರಾಂಶ.

ಇದೇ ವಿದ್ವಾಂಸರ ತಂಡವು 2001ರ ಸೆಪ್ಟೆಂಬರ್ 11ರ ಭಯೋತ್ಪಾದಕ ದಾಳಿಯ ಬಳಿಕ ಕಾಲೇಜು ವಿದ್ಯಾರ್ಥಿಗಳ ಅಧ್ಯಯನ ನಡೆಸಿ 2003ರಲ್ಲಿ ಪ್ರಕಟಿಸಿತು. ಆ ವಿದ್ಯಾರ್ಥಿಗಳ ಮನೋಬಲವನ್ನು ದಾಳಿಗೆ ಮೊದಲೇ ಅಳೆದಿದ್ದುದರಿಂದ ಹೋಲಿಕೆ ಸಾಧ್ಯವಾಯಿತು. ಗಟ್ಟಿ ಮನಸ್ಸಿನವರು ದುಃಖಪಡಲಿಲ್ಲ, ಅಂಜಲಿಲ್ಲ ಎಂದು ಅಧ್ಯಯನ ಹೇಳಲಿಲ್ಲ. ಅವರೂ ದುಃಖಪಟ್ಟಿದ್ದರು, ಅಂಜಿದ್ದರು. ಆದರೆ ಆ ದುಃಖದ ಪಕ್ಕದಲ್ಲೇ ಬದುಕುಳಿದುದಕ್ಕಾಗಿ ಕೃತಜ್ಞತೆ, ಆಪ್ತರ ಮೇಲಿನ ಪ್ರೀತಿ ಮುಂತಾದ ಭಾವಗಳಿಗೂ ಎಡೆ ಕೊಟ್ಟಿದ್ದರು. ಅವರನ್ನು ಖಿನ್ನತೆಯಿಂದ ಕಾಪಾಡಿದ್ದು ಆ ಭಾವಗಳೇ. ಹಾಗಾದರೆ ನಲಿವು ನೋವಿಗೆ ದ್ರೋಹವಲ್ಲ. ಒಂದೇ ಮನೆಯ ಎರಡು ಕೋಣೆಗಳಲ್ಲಿ ಅವೆರಡೂ ವಾಸಿಸಬಲ್ಲವು.

ಬೀದಿಯ ಮರಗಳು ಮತ್ತು ಸಂಜೆಯ ಆಕಾಶ

ಇಂಥ ನಲಿವು ನಗರದಲ್ಲಿ ಎಲ್ಲಿದೆ ಎಂದು ಕೇಳಿದರೆ, ಮೊದಲು ಬೀದಿಯ ಮರಗಳತ್ತ ಕೈತೋರಬೇಕಾಗುತ್ತದೆ. ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಆಕಾಶಮಲ್ಲಿಗೆಯ ಮರಗಳು ಇರುಳಲ್ಲಿ ಅರಳಿ, ಬೆಳಗಾಗುವಷ್ಟರಲ್ಲಿ ಉದ್ದ ತೊಟ್ಟಿನ ಬಿಳಿಯ ಹೂಗಳನ್ನು ಪಾದಚಾರಿ ಮಾರ್ಗದ ಮೇಲೆ ಹಾಸಿರುತ್ತವೆ. ಕಸ ಗುಡಿಸುವ ತಾಯಂದಿರು ಬರುವ ಮುನ್ನ ಆ ದಾರಿಯಲ್ಲಿ ಹೋದವರಿಗೆ ಕಂಪು ದೊರೆಯುತ್ತದೆ. ಅದೇ ಹೊತ್ತಿಗೆ ಗುಲಾಬಿ ಬಣ್ಣದ ಟಬೆಬುಯಾ ಮರಗಳು ಎಲೆಯುದುರಿಸಿ ಹೂವಾಗುತ್ತವೆ. ಮುಂದೆ ಫೆಬ್ರವರಿ, ಮಾರ್ಚ್ ಸುಮಾರಿಗೆ ಹಳದಿಯ ಸರದಿ. ಹೊಂಗೆ ಎಲೆ ಕಳಚಿ ಬರಲಾದರೂ ನಾವು ಯುಗಾದಿಯ ಹೊತ್ತಿಗೆ ಅದರ ಎಳೆಹಸುರನ್ನು ಕಾಣುತ್ತೇವೆ.

ಇದು ಆಕಸ್ಮಿಕವಲ್ಲ. 1908ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನ್ ಸಸ್ಯತಜ್ಞ ಕೃಂಬಿಗಲ್ ಅವರು, ಒಂದು ಜಾತಿಯ ಮರ ಹೂ ಉದುರಿಸುವಾಗ ಮತ್ತೊಂದು ಜಾತಿ ಅರಳುವಂತೆ ಯೋಜಿಸಿ ಬೀದಿಗಳಲ್ಲಿ ಮರಗಳನ್ನು ನೆಡಿಸಿದರು. ವರ್ಷದ ಯಾವ ತಿಂಗಳಿನಲ್ಲೂ ನಗರ ಹೂವಿಲ್ಲದೆ ಇರಬಾರದೆಂಬುದು ಅದರ ಉದ್ದೇಶ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ಮತ್ತೆ ಲಕ್ಷಗಟ್ಟಲೆ ಸಸಿಗಳು ಬೇರೂರಿದವು. ಇನ್ನೂ ಹಿಂದಕ್ಕೆ ಹೋದರೆ, 1898ರಲ್ಲಿ ಪ್ಲೇಗ್ ಮಾರಿ ಇಕ್ಕಟ್ಟಾದ ಪೇಟೆಯನ್ನು ಹೊಕ್ಕಾಗಲೇ ಬೆಂಗಳೂರು ಪಾಠ ಕಲಿತದ್ದು. ಆ ಬಳಿಕ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲ ರಸ್ತೆಗಳೊಡನೆ, ಗಾಳಿ ಬೆಳಕುಗಳಿಗೆ ಎಡೆಯಿಟ್ಟು ಬೆಳೆದವು. ನಾವು ಮುಖಗವಸು ತೊಟ್ಟು ನಡೆದ ಎಷ್ಟೋ ಸಾಲುಮರಗಳ ರಸ್ತೆಗಳ ಹಿಂದೆ ಹಳೆಯದೊಂದು ಸಾಂಕ್ರಾಮಿಕದ ನೆನಪಿದೆ. ನಮ್ಮ ಮುತ್ತಜ್ಜಂದಿರು ಅದನ್ನು ದಾಟಿದ್ದರು, ದಾಟಿದವರು ನಮಗಾಗಿ ನೆರಳು ಬಿಟ್ಟುಹೋದರು.

ಮನೆಯಿಂದ ಹೊರಬರಲಾಗದ ಹಿರಿಯರು ಇದರಿಂದ ವಂಚಿತರೆಂದು ಭಾವಿಸಬೇಕಿಲ್ಲ. ರೋಜರ್ ಉಲ್ರಿಚ್ ಎಂಬ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನವೊಂದಿದೆ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದ 46 ರೋಗಿಗಳ ದಾಖಲೆಗಳನ್ನು ಅವರು ಹೋಲಿಸಿದರು. ಅರ್ಧದಷ್ಟು ಜನರ ಕಿಟಕಿಯಾಚೆ ಮರಗಳಿದ್ದವು, ಉಳಿದವರಿಗೆ ಇಟ್ಟಿಗೆಯ ಗೋಡೆ ಕಾಣುತ್ತಿತ್ತು. ಮರ ಕಂಡವರು ಬೇಗ ಮನೆಗೆ ಮರಳಿದರು, ಅವರಿಗೆ ಪ್ರಬಲ ನೋವುನಿವಾರಕಗಳೂ ಕಡಿಮೆ ಬೇಕಾದವು. ನಮ್ಮ ಮನೆಯ ಹಿರಿಯರ ಮಂಚ ಅಥವಾ ಕುರ್ಚಿ ಗೋಡೆಯತ್ತ ಇದೆಯೋ ಕಿಟಕಿಯತ್ತ ಇದೆಯೋ ಎಂದು ಇಂದೇ ನೋಡೋಣ. ಅದನ್ನು ತಿರುಗಿಸಿಡಲು ಹಣ ಬೇಕಾಗಿಲ್ಲ. ಮರ ಕಾಣದ ಮನೆಯಾದರೆ ಕಿಟಕಿಯ ಬಳಿ ಒಂದು ಕುಂಡದಲ್ಲಿ ತುಳಸಿಯನ್ನೋ ದೊಡ್ಡಪತ್ರೆಯನ್ನೋ ಬೆಳೆಸಬಹುದು.

ನಡೆಯಬಲ್ಲವರಿಗೆ ಇನ್ನೊಂದು ಉಪಾಯವಿದೆ. ಕ್ಯಾಲಿಫೋರ್ನಿಯಾದ ಸಂಶೋಧಕಿ ವರ್ಜೀನಿಯಾ ಸ್ಟರ್ಮ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 60ರಿಂದ 90 ವಯಸ್ಸಿನ 52 ಹಿರಿಯರು ಪಾಲ್ಗೊಂಡಿದ್ದರು. ಎಲ್ಲರೂ ಎಂಟು ವಾರಗಳ ಕಾಲ ವಾರಕ್ಕೊಮ್ಮೆ 15 ನಿಮಿಷ ನಡೆದರು. ಅವರಲ್ಲಿ ಒಂದು ಗುಂಪಿಗೆ ಮಾತ್ರ, ದಾರಿಯಲ್ಲಿ ಕಾಣುವುದನ್ನು ಮಗುವಿನ ಕಣ್ಣಿನಿಂದ ಬೆರಗುಗೊಂಡು ನೋಡಿರೆಂದು ತಿಳಿಸಲಾಗಿತ್ತು. ಆ ಗುಂಪಿನವರಲ್ಲಿ ನಲಿವೂ ಇತರರ ಮೇಲಿನ ಅಕ್ಕರೆಯೂ ಹೆಚ್ಚಿದ್ದು ಕಂಡುಬಂತು. ಇದು ಸಣ್ಣ ಅಧ್ಯಯನ, ಇದರಿಂದ ರೋಗ ಗುಣವಾಗುತ್ತದೆಂದು ಹೇಳಲಾಗದು. ಆದರೆ ನಾವು ಹೇಗೂ ನಡೆಯುವ ಹದಿನೈದು ನಿಮಿಷ ಕಿವಿಯಲ್ಲಿ ಫೋನು ಇಟ್ಟುಕೊಂಡು ಕಾಯಿಲೆಯ ಸುದ್ದಿಯನ್ನೇ ಕೇಳುತ್ತ ಹೋಗುವುದಕ್ಕಿಂತ, ಹೊಂಗೆಯ ಕೊಂಬೆಯಲ್ಲಿ ಅಳಿಲು ಏನು ಮಾಡುತ್ತಿದೆಯೆಂದು ನೋಡುತ್ತ ಹೋಗುವುದರಲ್ಲಿ ನಷ್ಟವೇನೂ ಇಲ್ಲ.

ಆಕಾಶವೂ 2020ರ ಚಳಿಗಾಲದಲ್ಲಿ ನಮಗೊಂದು ಉಡುಗೊರೆ ಕೊಟ್ಟಿತು. ಡಿಸೆಂಬರ್ 21 ವರ್ಷದ ಅತಿ ದೀರ್ಘ ಇರುಳಿನ ದಿನ. ಆ ಸಂಜೆಯೇ ಗುರು ಮತ್ತು ಶನಿ ಗ್ರಹಗಳು ನೈರುತ್ಯದ ದಿಗಂತದ ಮೇಲೆ ಒಂದನ್ನೊಂದು ತಾಗುವಂತೆ ಕಂಡವು. ಸುಮಾರು 20 ವರ್ಷಗಳಿಗೊಮ್ಮೆ ಅವು ಆಕಾಶದಲ್ಲಿ ಸಮೀಪಿಸುತ್ತವೆ. ಆದರೆ ಇಷ್ಟು ಹತ್ತಿರ ಬಂದದ್ದು 1623ರ ಬಳಿಕ ಇದೇ ಮೊದಲು. ಎಷ್ಟೋ ಕುಟುಂಬಗಳು ಹಲವು ತಿಂಗಳ ನಂತರ ಒಟ್ಟಾಗಿ ತಾರಸಿಗೆ ಏರಿ ಮೇಲೆ ನೋಡಿದವು. ನೀರಿನ ತೊಟ್ಟಿ, ಬಟ್ಟೆಯ ಹಗ್ಗಗಳ ನಡುವೆ ನಿಂತು ಅಜ್ಜನೂ ಮೊಮ್ಮಗಳೂ ಒಂದೇ ದಿಕ್ಕಿಗೆ ಬೆರಳು ತೋರಿದರು. ಅಂಥ ಅಪೂರ್ವ ನೋಟ ದಿನವೂ ಸಿಗದಾದರೂ ಬೆಳೆಯುತ್ತಿರುವ ಸಂಜೆ ದಿನವೂ ಸಿಗುತ್ತದೆ. ನವೆಂಬರ್ ಕೊನೆಯಲ್ಲಿ 5.50ರ ಸುಮಾರಿಗೆ ಮುಳುಗುತ್ತಿದ್ದ ಸೂರ್ಯ, ಜನವರಿಯ ಕೊನೆಗೆ 6.15ನ್ನು ದಾಟಿದ್ದಾನೆ. ಇರುಳು ಹಿಂದೆ ಸರಿಯುವುದೂ ಹೀಗೆಯೇ, ನಿಮಿಷ ನಿಮಿಷವಾಗಿ.

ಅಡುಗೆಮನೆಯ ಚಳಿಗಾಲ

ಮಾಗಡಿ, ಕೋಲಾರದ ಕಡೆಯಿಂದ ಸೊಗಡಿನ ಅವರೆಕಾಯಿ ಬರುವ ಕಾಲವಿದು. ಬಿಡಿಸುವಾಗ ಬೆರಳಿಗೆ ಅಂಟಿದ ಆ ಪರಿಮಳ ಸೋಪು ಹಾಕಿ ತೊಳೆದರೂ ಬೇಗ ಹೋಗದು. ಕಾಳನ್ನು ನೆನೆಸಿ, ಸಿಪ್ಪೆಯಿಂದ ಹಿದುಕಿ ಬೇಳೆ ತೆಗೆಯುವುದು ಒಬ್ಬರ ಕೈಗೆ ಬೇಸರದ ಕೆಲಸ, ನಾಲ್ವರು ಕುಳಿತರೆ ಅದೇ ಹರಟೆಯ ಕೆಲಸ. ನಮ್ಮ ಪರಿಚಯದ ಹಿರಿಯ ತಾಯಿಯೊಬ್ಬರು ಬೆಂಗಳೂರಿನ ಮೂರನೆಯ ಮಹಡಿಯ ಮನೆಯಲ್ಲಿ ಒಬ್ಬರೇ ಇದ್ದಾರೆ. ಪ್ರತಿ ಚಳಿಗಾಲ ತುಮಕೂರಿನಿಂದ ತಂಗಿ ಬಂದು ವಾರವಿದ್ದು ಹೋಗುವುದು ವಾಡಿಕೆ. ಆ ಚಳಿಗಾಲ ಬರಲಾಗಲಿಲ್ಲ. ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಅವರೆಕಾಯಿಯ ಮೊರ ಮುಂದಿಟ್ಟುಕೊಂಡು, ಫೋನನ್ನು ಡಬ್ಬಿಗೆ ಒರಗಿಸಿ, ಮುಖ ನೋಡುತ್ತ ಕಾಯಿ ಬಿಡಿಸಿದರು. “ಮಾತು ಏನೂ ಇರಲಿಲ್ಲ, ಕಾಯಿ ಮುರಿಯುವ ಸದ್ದು ಎರಡೂ ಕಡೆ ಕೇಳುತ್ತಿತ್ತು, ಅಷ್ಟೇ ಸಾಕಾಯಿತು” ಎಂದರು ಆ ತಾಯಿ.

ಉತ್ತರ ಕರ್ನಾಟಕದಿಂದ ಬಂದು ನಗರದಲ್ಲಿ ನೆಲೆಸಿದ ಭಕ್ತರಿಗೆ ಎಳ್ಳ ಅಮಾವಾಸ್ಯೆಯ ಚರಗದ ನೆನಪು ಕಾಡಿರಬೇಕು. ಹೊಲವಿಲ್ಲದ ಊರಿನಲ್ಲಿ ಚರಗ ಚೆಲ್ಲುವುದೆಲ್ಲಿ? ಆದರೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಲೆ ಕಟ್ಟಿಕೊಂಡು ತಾರಸಿಯ ಬಿಸಿಲಿನಲ್ಲಿ ಕುಳಿತು ಉಂಡ ಮನೆಗಳುಂಟು. ಹಬ್ಬದ ಗಾತ್ರ ಕಿರಿದಾಗಬಹುದು, ಅದರ ರುಚಿ ಕಿರಿದಾಗಬೇಕಿಲ್ಲ.

ಆರೋಗ್ಯದ ದೃಷ್ಟಿಯಿಂದಲೂ ಈ ಕಾಲದ ಆಹಾರ ಹಿತಕರವಾದುದು. ಅವರೆಯಲ್ಲಿ ಸಸಾರಜನಕವೂ ನಾರಿನಂಶವೂ ಇವೆ. ಎಳ್ಳು ಸುಣ್ಣದಂಶಕ್ಕೆ ಹೆಸರಾದುದು. ಕಡಲೆಕಾಯಿ ಮತ್ತು ಕೊಬ್ಬರಿ ಚಳಿಯಲ್ಲಿ ದೇಹಕ್ಕೆ ಬೇಕಾದ ಶಕ್ತಿ ನೀಡುತ್ತವೆ. ಮಧುಮೇಹವುಳ್ಳವರು ಬೆಲ್ಲವೂ ಸಕ್ಕರೆಯೇ ಎಂಬುದನ್ನು ಮರೆಯದೆ, ಎಳ್ಳು-ಬೆಲ್ಲದಲ್ಲಿ ಬೆಲ್ಲದ ಪಾಲನ್ನು ತಗ್ಗಿಸಬೇಕು. ಅವರೆ ಕೆಲವರಿಗೆ ವಾಯು ಉಂಟುಮಾಡುತ್ತದೆ. ಅಂಥವರು ಇಂಗು, ಶುಂಠಿ ಬೆರೆಸಿ ಹಗಲೂಟದಲ್ಲಿ ಮಿತವಾಗಿ ಸೇವಿಸುವುದು ಒಳಿತು. ಉಣ್ಣುವಾಗ ಟಿ.ವಿ. ಆರಿಸಿರಲಿ. ದಿನದ ಸೋಂಕಿತರ ಸಂಖ್ಯೆಯನ್ನು ಕೇಳುತ್ತ ನುಂಗಿದ ತುತ್ತಿನ ರುಚಿ ನಾಲಿಗೆಗೂ ತಿಳಿಯದು, ಮನಸ್ಸಿಗೂ ತಿಳಿಯದು.

ಬಿಸಿಲು, ಗಾಳಿ, ನಿದ್ರೆ

ಬೆಂಗಳೂರಿನಲ್ಲಿ ಜನವರಿಯ ಇರುಳು ಸಾಮಾನ್ಯವಾಗಿ 15-16 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಆ ಚಳಿಯ ಮರುದಿನ ಬೆನ್ನಿಗೆ ಬಿಸಿಲು ಕಾಯಿಸುವ ಸುಖವನ್ನು ವಿವರಿಸಬೇಕಾಗಿಲ್ಲ. ಬೆಳಗಿನ ಬೆಳಕು ಕಣ್ಣಿಗೆ ತಾಗಿದಾಗ ದೇಹದೊಳಗಿನ ಗಡಿಯಾರ ಸರಿಹೊಂದುತ್ತದೆ, ಇರುಳಿನ ನಿದ್ರೆಗೆ ಅದು ನೆರವಾಗುತ್ತದೆ. ದಿನವಿಡೀ ಮನೆಯೊಳಗೇ ಕುಳಿತು ಕೆಲಸ ಮಾಡುವವರೂ ಆನ್‌ಲೈನ್ ತರಗತಿಯ ಮಕ್ಕಳೂ ಇದನ್ನು ಮುಖ್ಯವಾಗಿ ಗಮನಿಸಬೇಕು. ಡಿ ಜೀವಸತ್ವ ಚರ್ಮದಲ್ಲಿ ತಯಾರಾಗಲು ಸೂರ್ಯ ಸ್ವಲ್ಪ ಮೇಲೇರಿರಬೇಕು, ಬಿಸಿಲು ನೇರವಾಗಿ ಮೈಗೆ ಬೀಳಬೇಕು. ಮುಚ್ಚಿದ ಗಾಜಿನ ಹಿಂದೆ ಕುಳಿತರೆ ಬೆಚ್ಚಗಾಗುವುದೇ ಹೊರತು ಅದಕ್ಕೆ ಬೇಕಾದ ನೇರಳಾತೀತ ಕಿರಣಗಳು ಒಳಬರುವುದಿಲ್ಲ.

ಚಳಿಯೆಂದು ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚುವುದು ಈ ಕಾಲದಲ್ಲಿ ಸಲ್ಲದು. ಗಾಳಿಯಾಡದ ಕೋಣೆಯಲ್ಲಿ ಸೋಂಕು ಹರಡುವ ಸಂಭವ ಹೆಚ್ಚು. ಆದ್ದರಿಂದ ಹಗಲಿನಲ್ಲಿ ಎದುರುಬದುರಿನ ಕಿಟಕಿಗಳನ್ನು ತೆರೆದಿಡೋಣ. ಕೌದಿ ಹೊದ್ದು ತೆರೆದ ಕಿಟಕಿಯ ಬಳಿ ಕುಳಿತು ಬಿಸಿ ಕಷಾಯ ಕುಡಿಯುವುದೂ ಚಳಿಗಾಲದ ಒಂದು ಸುಖವೇ. ಅಸ್ತಮಾ ಅಥವಾ ಹೃದ್ರೋಗವುಳ್ಳವರು ಮಂಜು ಕವಿದ ನಸುಕಿನಲ್ಲಿ ನಡೆಯದೆ, ಬಿಸಿಲೇರಿದ ಮೇಲೆ ಹೊರಡಲಿ. ಆ ಸಾಂಕ್ರಾಮಿಕದ ದಿನಗಳಲ್ಲಿ ಉದ್ಯಾನದಲ್ಲಿ ಆರು ಅಡಿ ಅಂತರ, ಮೂಗುಬಾಯಿ ಮುಚ್ಚುವ ಮುಖಗವಸು ಅಗತ್ಯವಾಗಿದ್ದವು. ಎಚ್ಚರಿಕೆಯನ್ನು ಕೈಬಿಟ್ಟು ಪಡೆದ ನಲಿವು ಬುತ್ತಿಯಲ್ಲ, ಸಾಲ. ಅದನ್ನು ಮನೆಯ ಹಿರಿಯರು ತೀರಿಸಬೇಕಾದೀತು.

ಹಂಚಿದಾಗ ಹೆಚ್ಚುವ ಸಿರಿ

ಮುಖಗವಸು ನಮ್ಮ ನಗೆಯನ್ನು ಮುಚ್ಚಿತ್ತು, ದನಿಯನ್ನು ಮುಚ್ಚಿರಲಿಲ್ಲ. ಬೆಳಿಗ್ಗೆ “ಸೊಪ್ಪೂ...” ಎಂದು ಕೂಗುತ್ತ ಬರುವ ತಾಯಿ, ಹಾಲು ಹಾಕುವ ಹುಡುಗ, ಗೇಟಿನಲ್ಲಿ ಇರುಳೆಲ್ಲ ಚಳಿಯಲ್ಲಿ ಕುಳಿತ ಕಾವಲುಗಾರ, ಸಾಂಕ್ರಾಮಿಕದ ಒಂದು ದಿನವೂ ಕೆಲಸ ನಿಲ್ಲಿಸದ ಪೌರಕಾರ್ಮಿಕರು — ಇವರೊಡನೆ ನಾವು ವರ್ಷಗಳಿಂದ ವ್ಯವಹಾರದ ಮಾತನ್ನಷ್ಟೇ ಆಡಿದ್ದೇವೆ. “ಚಳಿ ಹೇಗಿದೆ, ಅಣ್ಣ? ಊರಲ್ಲಿ ಮಕ್ಕಳು ಚೆನ್ನಾಗಿದ್ದಾರೆಯೇ?” ಎಂದು ಕೇಳಲು ಅರ್ಧ ನಿಮಿಷ ಸಾಕು. ಒಂದು ಲೋಟ ಬಿಸಿ ಚಹಾ, ಹಳೆಯದಾದರೂ ಬೆಚ್ಚಗಿರುವ ಒಂದು ರಗ್ಗು ಅವರ ಇರುಳನ್ನು ಬದಲಿಸುತ್ತವೆ, ನಮ್ಮ ಬೆಳಗನ್ನೂ ಬದಲಿಸುತ್ತವೆ.

ಇಲ್ಲೊಂದು ಮಾತನ್ನು ಮರೆಯಲಾಗದು. ಬಾಡಿಗೆ ಕಟ್ಟಲಾಗದವನಿಗೆ ಟಬೆಬುಯಾ ಹೂವನ್ನು ತೋರಿಸಿದರೆ ಅದು ಸಾಂತ್ವನವಾಗದು, ಅಣಕವಾದೀತು. ಹಸಿದವನ ಮೊದಲ ಸಂತೋಷ ಊಟವೇ. ಆದುದರಿಂದ ನಮ್ಮ ಚಿಕ್ಕ ಸುಖಗಳ ಲೆಕ್ಕದಲ್ಲಿ ಇನ್ನೊಬ್ಬರ ಅಗತ್ಯಕ್ಕೆ ತೆಗೆದಿಟ್ಟ ಪಾಲೂ ಸೇರಿರಲಿ. ಮನೆಗೆಲಸದಾಕೆಗೆ ಬಾರದ ದಿನಗಳ ಸಂಬಳವನ್ನೂ ಕೊಟ್ಟ ಮನೆಗಳು, ಪಕ್ಕದ ಸೋಂಕಿತರ ಬಾಗಿಲಲ್ಲಿ ಹದಿನಾಲ್ಕು ದಿನ ಊಟದ ಡಬ್ಬಿ ಇಟ್ಟು ಗಂಟೆ ಬಾರಿಸಿ ಹಿಂದೆ ಸರಿದ ಮನೆಗಳು ಈ ನಗರದಲ್ಲಿ ಬಹಳ ಇವೆ. ಆ ಡಬ್ಬಿಯನ್ನು ಕಟ್ಟಿದವರನ್ನು ಕೇಳಿ ನೋಡಿ. ಆ ಹದಿನಾಲ್ಕು ದಿನ ತಮಗೆ ಭಯ ಕಡಿಮೆಯಾಗಿತ್ತೆಂದೇ ಅವರು ಹೇಳುತ್ತಾರೆ. ಮಾಡಲು ಒಂದು ಕೆಲಸವಿದ್ದ ಕೈಗೆ ನಡುಕ ಕಡಿಮೆ.

ಅಳುವವರ ಪಕ್ಕದಲ್ಲಿ

ಆಪ್ತರನ್ನು ಕಳೆದುಕೊಂಡವರ ಮುಂದೆ “ಸಂತೋಷವಾಗಿರಿ” ಎಂಬ ಉಪದೇಶ ಬೇಡ. ಅವರ ದುಃಖಕ್ಕೆ ಅವಸರವಿಲ್ಲ. ಆ ವರ್ಷ ಎಷ್ಟೋ ಮನೆಗಳಲ್ಲಿ ನಾಲ್ಕು ಜನ ಬಂದು ಕುಳಿತು ಅಳುವ ಸಮಾಧಾನವೂ ದಕ್ಕಲಿಲ್ಲ. ಈಗಲಾದರೂ ಫೋನಿನಲ್ಲಿ, ಅಂತರವಿಟ್ಟು ಅಂಗಳದಲ್ಲಿ, ಅವರ ಮಾತನ್ನು ಕೇಳೋಣ. ಹೋದವರ ಹೆಸರು ಹೇಳಿ ಮಾತನಾಡೋಣ, ಏಕೆಂದರೆ ಹೆಸರನ್ನೇ ಎತ್ತದಿರುವುದು ಅವರಿಗೆ ಇನ್ನಷ್ಟು ಒಂಟಿತನ ತರುತ್ತದೆ. ಅವರೊಮ್ಮೆ ನೆನಪಿನ ನಡುವೆ ನಕ್ಕರೆ ಅದಕ್ಕೆ ನಾಚಬೇಕಿಲ್ಲವೆಂದು ತಿಳಿಸೋಣ.

ಚಿಕ್ಕ ಸುಖಗಳ ಶಕ್ತಿಗೆ ಮಿತಿಯಿದೆಯೆಂಬುದನ್ನೂ ಅರಿತಿರಬೇಕು. ಎರಡು ವಾರಗಳಿಗೂ ಹೆಚ್ಚು ಕಾಲ ಮನಸ್ಸು ಸತತವಾಗಿ ಕುಗ್ಗಿದ್ದು, ಹಿಂದೆ ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಉಳಿಯದೆ, ನಿದ್ರೆ-ಹಸಿವುಗಳು ಕೆಟ್ಟು, ಬದುಕೇ ಬೇಡವೆನಿಸಿದರೆ ಅದು ಮನೋದೌರ್ಬಲ್ಯವಲ್ಲ, ಚಿಕಿತ್ಸೆಯಿಂದ ವಾಸಿಯಾಗುವ ಖಿನ್ನತೆಯೆಂಬ ಕಾಯಿಲೆ. ಅಂಥವರಿಗೆ “ಹೊರಗೆ ಹೋಗಿ ಹೂ ನೋಡು” ಎನ್ನುವುದು, ಕಾಲು ಮುರಿದವನಿಗೆ ನಡೆಯೆಂದು ಹೇಳಿದಂತೆ. ತಡಮಾಡದೆ ವೈದ್ಯರ ಬಳಿ ಕರೆದೊಯ್ಯಬೇಕು. ರಾಜ್ಯದ ಆರೋಗ್ಯವಾಣಿ 104ಕ್ಕೆ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಆ ಸಾಂಕ್ರಾಮಿಕದ ಕಾಲಕ್ಕೆಂದೇ ಮಾನಸಿಕ ನೆರವಿನ ಸಹಾಯವಾಣಿಯನ್ನು ನಡೆಸಿತ್ತು. ಜ್ವರಕ್ಕೆ ಔಷಧ ಪಡೆಯಲು ನಾಚದ ನಾವು ಮನಸ್ಸಿನ ಬೇನೆಗೂ ನಾಚಬಾರದು.

ದಿನಕ್ಕೊಂದು ತುತ್ತು

ಇದನ್ನೆಲ್ಲ ರೂಢಿಗೆ ತರುವ ಬಗೆ ಸರಳವಾದುದು. ದಿನಕ್ಕೆ ಒಂದೇ ಒಂದು ಚಿಕ್ಕ ಸಂತಸವನ್ನು ಗುರುತಿಸೋಣ. ಅದು ಬಂದಾಗ ಕೈಯಲ್ಲಿನ ಕೆಲಸವನ್ನು ಅರ್ಧ ನಿಮಿಷ ನಿಲ್ಲಿಸೋಣ. ತಕ್ಷಣ ಫೋನು ತೆಗೆದು ಚಿತ್ರ ಹಿಡಿಯುವ ಬದಲು ಮೊದಲು ಕಣ್ಣಾರೆ ಕಂಡು, ಕಿವಿಯಾರೆ ಕೇಳಿ ಮುಗಿಸೋಣ. ಸಂಜೆ ಊಟದ ಹೊತ್ತಿಗೆ ಮನೆಯ ಪ್ರತಿಯೊಬ್ಬರೂ ತಮ್ಮ ಅಂದಿನ ಸಂತಸವನ್ನು ಒಂದು ವಾಕ್ಯದಲ್ಲಿ ಹೇಳಲಿ. ಮಕ್ಕಳು ಇದನ್ನು ಆಟದಂತೆ ಕಲಿಯುತ್ತಾರೆ. ಒಬ್ಬರೇ ಇರುವವರು ಹಳೆಯ ಡೈರಿಯ ಖಾಲಿ ಪುಟದಲ್ಲಿ ಬರೆದಿಡಬಹುದು. ದಿನವೂ ಸಂತಸ ಸಿಕ್ಕೇ ತೀರಬೇಕೆಂಬ ಹಟ ಬೇಡ. ಸಿಗದ ದಿನ ಪುಟವನ್ನು ಖಾಲಿ ಬಿಟ್ಟರೂ ತಪ್ಪಿಲ್ಲ. ಇದು ಪರೀಕ್ಷೆಯಲ್ಲ. ಸುದ್ದಿಯನ್ನು ದಿನಕ್ಕೆರಡು ಬಾರಿ, ಗೊತ್ತಾದ ಹೊತ್ತಿನಲ್ಲಿ ತಿಳಿದರೆ ಸಾಕು. ಮಲಗುವ ಮುನ್ನಿನ ಒಂದು ಗಂಟೆ ಅದಕ್ಕೆ ಬಾಗಿಲು ಮುಚ್ಚಿರಲಿ.

2021ರ ಜನವರಿ 16ರಿಂದ ದೇಶದಲ್ಲಿ ಲಸಿಕೆ ನೀಡಿಕೆ ಆರಂಭವಾಯಿತು. ಮೊದಲ ಸರದಿ ಆರೋಗ್ಯ ಸಿಬ್ಬಂದಿಯದಾಗಿತ್ತು.  ಸೋಂಕು ಇಳಿಮುಖವಾಗಿದ್ದ ಆ ದಿನಗಳಲ್ಲಿ ಮೈಮರೆವು ದೊಡ್ಡ ಅಪಾಯವಾಗಿತ್ತು.

2021ರ ಏಪ್ರಿಲ್ 13ರ ಯುಗಾದಿಗೆ ಶಾರ್ವರಿ ಮುಗಿದು ಪ್ಲವ ಸಂವತ್ಸರ ಕಾಲಿಟ್ಟಿತು. ಪ್ಲವ ಎಂದರೆ ತೆಪ್ಪ. ಹೆಸರು ಬದಲಾದ ಮಾತ್ರಕ್ಕೆ ಹೊಳೆ ಬತ್ತುವುದಿಲ್ಲ, ತೆಪ್ಪವಿದ್ದರೂ ಹುಟ್ಟು ಹಾಕುವ ತೋಳು ನಮ್ಮದೇ ಆಗಬೇಕು. ಆ ತೋಳಿಗೆ ಬಲ ಬೇಕು. ಅಂಗಳದ ಬಿಸಿಲು, ಅವರೆಯ ಸೊಗಡು, ನೆರೆಯವರ ದನಿ, ಬೀದಿಯ ಹೂವು ಇವೆಲ್ಲ ಆ ಬಲವನ್ನು ತುತ್ತು ತುತ್ತಾಗಿ ನಮಗೆ ಉಣಿಸುತ್ತಿವೆ. ಉಣ್ಣೋಣ, ಪಕ್ಕದವರಿಗೂ ಬಡಿಸೋಣ. ಸರ್ವರಿಗೂ ಆರೋಗ್ಯ ಲಭಿಸಲಿ.